ನಾನು ಅಳಿಸಿದ ಹಲಗಿ

ಚಿಂಚೋಳಿ ತಾಲ್ಲೂಕಿನ ಒಬ್ಬ ಮುತ್ಯಾನ ಹಲಗಿಯ ಪೆಟ್ಟುಗಳು ಒಂದು ಫ್ಲಾಪಿಯಲ್ಲಿದ್ದವು. ಆ ಫ್ಲಾಪಿಯನ್ನು ಅಳಿಸಿದವನು ನಾನು. ಡಿಸ್ಕು ಹಳೆಯದಾಗಿತ್ತು, ಸಿಮೆಂಟಿನ ಧೂಳು ತಿಂದು ಕೆಟ್ಟಿತು ಎಂದು ಬಹಳ ಕಾಲ ಕೇಳಿದವರಿಗೆಲ್ಲ ಹೇಳಿಕೊಂಡು ಬಂದೆ. ಅದು ನಿಜವಲ್ಲ, ಡಿಸ್ಕು ಗಟ್ಟಿಯಾಗಿಯೇ ಇತ್ತು. ಹಳೆಯ ಸ್ಯಾಂಪ್ಲರೊಂದನ್ನು ಹೊರಗಿನ ಡ್ರೈವಿನಿಂದ ಬೂಟ್ ಮಾಡಿಸಬೇಕೆಂಬ ಹಟ ಹಿಡಿದಿದ್ದೆ. ಆ ಹಟ ಗೆದ್ದ ಮೇಲೆ ಇದು ನಡೆಯಿತು. ನಮ್ಮ ಸೇಡಂ, ಚಿತ್ತಾಪುರ, ಶಹಾಬಾದ ಕಡೆಯ ಆರ್ಕೆಸ್ಟ್ರಾದವರ ಮನೆಗಳಲ್ಲಿ ಫ್ಲಾಪಿ ಹಾಕುವ ಕೀಬೋರ್ಡುಗಳು, ಡಿಸ್ಕು ತುಂಬಿದ ಮಿಠಾಯಿ ಡಬ್ಬಿಗಳು ಇನ್ನೂ ಕೂತಿವೆ. ಅವನ್ನು ಮತ್ತೆ ನುಡಿಸಲು ಹೊರಟವರು ನಾನು ಹೋದ ದಾರಿ ಹಿಡಿಯಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಸ್ಯಾಂಪ್ಲರ್ ಎಂದರೆ ತನ್ನದೇ ದನಿಯಿಲ್ಲದ ವಾದ್ಯ. ಮೈಕಿನಲ್ಲಿ ಕೇಳಿಸಿದ್ದನ್ನು ಅಂಕಿಗಳಾಗಿ ಹಿಡಿದುಕೊಂಡು, ಕೀ ಒತ್ತಿದಾಗ ಬೇಕಾದ ಸ್ವರದಲ್ಲಿ ಹೊರಗೆ ಬಿಡುತ್ತದೆ. ಆಸ್ಟ್ರೇಲಿಯಾದ ಫೇರ್‌ಲೈಟ್ 1979ರಲ್ಲಿ ಬಂದಾಗ ಅದು ದೊಡ್ಡ ಸ್ಟುಡಿಯೊಗಳ ಸೊತ್ತು. ಅದನ್ನು ಸಾಮಾನ್ಯ ವಾದಕರ ಕೈಗೆ ತಂದವರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಎನ್ಸೋನಿಕ್ ಮುಖ್ಯ. ಕಮೋಡೋರ್ ಕಂಪ್ಯೂಟರ್ ಕಂಪನಿ ಬಿಟ್ಟು ಬಂದ ಎಂಜಿನಿಯರುಗಳು ಕಟ್ಟಿದ ಸಂಸ್ಥೆ ಅದು. ಕಮೋಡೋರ್ 64ರ ಸಿಡ್ ಚಿಪ್ ರೂಪಿಸಿದ ಬಾಬ್ ಯಾನ್ನೆಸ್ ಅವರಲ್ಲೊಬ್ಬರು. ಆ ಕಂಪನಿ 1992ರಲ್ಲಿ ಹೊರತಂದ ಎಎಸ್‌ಆರ್-10 ನನ್ನ ಯಂತ್ರ. 61 ಕೀ, 16 ಬಿಟ್, ಚಿಪ್ಪು ಕೂಡಿಸುತ್ತ ಹೋದರೆ 16 ಎಂಬಿ ಮೆಮೊರಿ. ಇವತ್ತಿನ ಮೊಬೈಲಿನ ಬೆರಳೆಣಿಕೆಯ ಫೋಟೊಗಳಿಗಷ್ಟೇ ಸಾಲುವ ಜಾಗ. ಆದರೆ ಅದರ ಹೊಟ್ಟೆಯಿಂದ ಹೊರಬರುವ ತಬಲಾ, ಢೋಲಕ್‌ಗಳಲ್ಲಿ ಒಂದು ತೂಕ ಇರುತ್ತದೆ. ಈಗಿನ ಎಷ್ಟೋ ಕೀಬೋರ್ಡುಗಳಲ್ಲಿ ನನಗದು ಸಿಕ್ಕಿಲ್ಲ.

ನಮ್ಮ ವಾಡಿಯವರಿಗೆ ಸಿಕಂದರಾಬಾದ್ ದೂರದ ಊರಲ್ಲ. ನಿಜಾಮರ ರೈಲು ವಾಡಿಯಿಂದ ಅಲ್ಲಿಗೆ 1874ರಲ್ಲಿ ಓಡತೊಡಗಿದಾಗಿನಿಂದ ಮದುವೆಯ ಜವಳಿ, ಬಂಗಾರ, ಆಸ್ಪತ್ರೆ, ಕೆಲಸ ಎಲ್ಲದಕ್ಕೂ ನಮ್ಮವರು ಹತ್ತುವುದು ಅದೇ ಗಾಡಿ. ಅಲ್ಲಿ ಬಾಗಿಲು ಮುಚ್ಚುತ್ತಿದ್ದ ಒಂದು ಸಣ್ಣ ಸ್ಟುಡಿಯೊದಿಂದ ಈ ಯಂತ್ರವನ್ನು ಕೊಂಡೆ. ತಾಂಡೂರು, ಸೇಡಂ, ಮಳಖೇಡ, ಚಿತ್ತಾಪುರ ದಾಟಿ ವಾಡಿಗೆ ಇಳಿಯುವ ತನಕ ಅದನ್ನು ಸೀಟಿನ ಮೇಲೆ ಮಲಗಿಸಿ ನಾನು ಬಾಗಿಲ ಹತ್ತಿರ ನಿಂತೆ. ಕಂಪನಿ ಆಗಲೇ ಇರಲಿಲ್ಲ. 1998ರಲ್ಲಿ ಸಿಂಗಪುರದ ಕ್ರಿಯೇಟಿವ್ ಅದನ್ನು ಕೊಂಡಿತ್ತು. ಕೆಟ್ಟರೆ ಬಿಡಿಭಾಗ ಸಿಗುವುದಿಲ್ಲ ಎಂದು ಮಾರಿದವರು ಮೊದಲೇ ಹೇಳಿದ್ದರು. ಒಳಗೆ ಎಸ್‌ಪಿ-3 ಎಂಬ, ಹೊರಗಿನ ಡ್ರೈವು ಜೋಡಿಸಲು ಬೇಕಾದ ಸ್ಕಸಿ ಕಾರ್ಡ್ ಕೂತಿದೆ ಎಂಬುದನ್ನೂ ಹೇಳಿದ್ದರು. ಅದರ ಬೆಲೆ ನನಗೆ ಆಗ ಗೊತ್ತಾಗಲಿಲ್ಲ.

ಈ ಯಂತ್ರದ ಗುಣವೊಂದನ್ನು ಇಲ್ಲಿ ಹೇಳಲೇಬೇಕು. ಕರೆಂಟ್ ಹೋದರೆ ಅದು ಎಲ್ಲವನ್ನೂ ಮರೆಯುತ್ತದೆ. ದನಿಗಳನ್ನಷ್ಟೇ ಅಲ್ಲ, ತಾನು ಸ್ಯಾಂಪ್ಲರ್ ಎಂಬುದನ್ನೂ ಮರೆಯುತ್ತದೆ. ಆಪರೇಟಿಂಗ್ ಸಿಸ್ಟಮ್ ಇರುವುದು ಫ್ಲಾಪಿಯಲ್ಲಿ. ಸ್ವಿಚ್ ಹಾಕಿದಾಗ ಒಳಗಿನ ಪುಟ್ಟ ರೋಮ್‌ಗೆ ಗೊತ್ತಿರುವುದು ಇಷ್ಟೇ: ಡಿಸ್ಕು ಕೊಡು ಎಂದು ಕೇಳಬೇಕು, ಬಂದರೆ ಓದಬೇಕು. ಸಿಸ್ಟಮ್ ಡಿಸ್ಕು ಹಾಕಿ ಅದು ಎದ್ದ ಮೇಲೆ ಢೋಲಕ್‌ನ ಡಿಸ್ಕು, ಶಹನಾಯಿ ಡಿಸ್ಕು, ವಯೊಲಿನ್ ಡಿಸ್ಕು ಎಂದು ಒಂದೊಂದಾಗಿ ಉಣಿಸುತ್ತ ಕೂರಬೇಕು. ಸ್ಟುಡಿಯೊದಲ್ಲಿ ಇದು ನಡೆಯುತ್ತದೆ. ಆದರೆ ನಾನು ನುಡಿಸುತ್ತಿದ್ದದ್ದು ಗಣಪತಿ ಮಂಟಪಗಳಲ್ಲಿ, ಮದುವೆ ಚಪ್ಪರಗಳಲ್ಲಿ, ಜಾತ್ರೆಯ ರಸಮಂಜರಿಗಳಲ್ಲಿ. ಹಾಡಿನ ಎರಡನೇ ಚರಣಕ್ಕೆ ಕರೆಂಟ್ ಹೋಯಿತು ಅನ್ನಿ. ಜನರೇಟರ್ ಶುರುವಾಗಿ ದೀಪ ಬಂದ ಕೂಡಲೇ ಗಾಯಕ ತಿರುಗಿ ನನ್ನ ಮುಖ ನೋಡುತ್ತಾನೆ. ಮಂದಿ ಸಿಳ್ಳೆ ಹಾಕುತ್ತಾರೆ. ನಾನು ಡಬ್ಬಿಯಲ್ಲಿ ಸಿಸ್ಟಮ್ ಡಿಸ್ಕು ಹುಡುಕುತ್ತಿರುತ್ತೇನೆ.

ಧೂಳಿನ ಕಾಟ ಬೇರೆ. ವಾಡಿ, ಸೇಡಂ, ಮಳಖೇಡ ಸಿಮೆಂಟಿನ ಊರುಗಳು. ಶಹಾಬಾದದಲ್ಲಿ ಹಾಸುಗಲ್ಲು ಕೊಯ್ಯುವ, ಪಾಲಿಶ್ ಮಾಡುವ ಮಿಷನ್ನುಗಳು. ಈ ಇಡೀ ನೆಲವೇ ಸುಣ್ಣದ ಕಲ್ಲು. ಬೇಸಿಗೆಯಲ್ಲಿ ಕಿಟಕಿ ಮುಚ್ಚಿದ ಕೋಣೆಯಲ್ಲೂ ಬಿಳಿಯ ಪುಡಿ ಕೂರುತ್ತದೆ. ಹಾರ್ಡ್ ಡಿಸ್ಕಿನ ಹೆಡ್ ತಟ್ಟೆಯ ಮೇಲೆ ತೇಲುತ್ತಿರುತ್ತದೆ, ಫ್ಲಾಪಿಯ ಹೆಡ್ ಹಾಗಲ್ಲ. ಅದು ತಟ್ಟೆಗೆ ಉಜ್ಜಿಕೊಂಡೇ ಓದುತ್ತದೆ. ನಡುವೆ ಪುಡಿ ಸೇರಿದರೆ ಓದುವುದು ನಿಲ್ಲುತ್ತದೆ. ಹಾಗಾಗಿ ಫ್ಲಾಪಿಯ ಸಹವಾಸವೇ ಬೇಡ, ಹೊರಗಿನ ದೊಡ್ಡ ಡ್ರೈವಿನಿಂದ ಎಲ್ಲ ಒಮ್ಮೆಗೇ ಬರಲಿ ಎಂಬ ಆಸೆ ನನಗೆ ಹುಟ್ಟಿತು. ಅದರಲ್ಲಿ ತಪ್ಪಿರಲಿಲ್ಲ. ಇವತ್ತಿಗೂ ಯಾರಾದರೂ ಕೇಳಿದರೆ ಅದನ್ನೇ ಮಾಡಿರೆಂದು ಹೇಳುತ್ತೇನೆ.

ಅದಕ್ಕೂ ಮೊದಲು ಹಲಗಿಯ ವಿಷಯ.

ಆರ್ಕೆಸ್ಟ್ರಾಗಳಲ್ಲಿ ಆಗ ನಾವು ನುಡಿಸುತ್ತಿದ್ದ ತಾಳವಾದ್ಯದ ದನಿಗಳೆಲ್ಲ ಮುಂಬೈ, ಮದ್ರಾಸಿನ ಸ್ಟುಡಿಯೊಗಳಿಂದ ಕೈಯಿಂದ ಕೈಗೆ ಬಂದ ಡಿಸ್ಕುಗಳು. ನಮ್ಮ ಕಡೆ ಸತ್ತರೂ ಹಲಗಿ, ಮೊಹರಮಿಗೂ ಹಲಗಿ, ದೇವರ ಮೆರವಣಿಗೆಗೂ ಹಲಗಿ. ಆ ದನಿ ಮಾತ್ರ ಯಾವ ಡಿಸ್ಕಿನಲ್ಲೂ ಇರಲಿಲ್ಲ. ಗೆಳೆಯನೊಬ್ಬನ ಜೀಪಿನಲ್ಲಿ ಯಂತ್ರ ಹೇರಿಕೊಂಡು ಚಿಂಚೋಳಿ ಕಡೆಯ ಒಂದು ಹಳ್ಳಿಗೆ ಹೋದೆ. ಆ ಭಾಗದಲ್ಲಿ ಆ ಮುತ್ಯಾನ ಕೈ ಹೆಸರಾಗಿತ್ತು. ಶಾಲೆಯ ವರಾಂಡದಲ್ಲಿ ಕರೆಂಟ್ ಸಿಕ್ಕಿತು. ಮುತ್ಯಾ ಕಣಕಿಗೆ ಬೆಂಕಿ ಹಚ್ಚಿ ಹಲಗಿಯನ್ನು ಅದರ ಮೇಲೆ ತಿರುಗಿಸುತ್ತ, ಬೆರಳಿಂದ ಬಡಿದು ನೋಡುತ್ತ ಚರ್ಮ ಬಿಗಿ ಮಾಡಿಕೊಂಡ. ಆಮೇಲೆ ಕೇಳಿದ: “ಸಾವಿಂದ ಹೊಡಿಲ್ಯಾ, ಮದಿವಿದ ಹೊಡಿಲ್ಯಾ?”

ಎರಡೂ ಬೇಡ, ಒಂದೊಂದೇ ಪೆಟ್ಟು ಬೇಕು ಎಂದೆ. ಸ್ಯಾಂಪ್ಲರಿಗೆ ಬೇಕಾಗುವುದು ಅದೇ. ನಡುವಿನ ಪೆಟ್ಟು ಒಂದು ಕೀ ಮೇಲೆ, ಅಂಚಿನದು ಇನ್ನೊಂದರ ಮೇಲೆ, ಎಡಗೈಯ ಸಣ್ಣ ಕಡ್ಡಿಯ ಚಿಟಿಕೆ ಮತ್ತೊಂದರ ಮೇಲೆ. ಮುತ್ಯಾ ಕೋಲು ಕೆಳಗಿಟ್ಟ. “ಒಂದೇ ಪೆಟ್ಟ ಹೊಡದ್ರ ಅದು ಹಲಗಿ ಹ್ಯಾಂಗ ಆಗ್ತದೋ ತಮ್ಮಾ? ಇದು ಒಂದಕ್ಕೊಂದು ಕೂಡಿ ಬರೂದದ.” ನನಗೆ ಉತ್ತರ ಹೊಳೆಯಲಿಲ್ಲ. ಕೊನೆಗೆ ಅವನು ತನ್ನದೇ ದಾರಿ ಮಾಡಿಕೊಂಡ. ಮನಸ್ಸಿನೊಳಗೆ ಇಡೀ ನಡೆ ನಡೆಸುತ್ತ, ನನಗೆ ಬೇಕಾದ ಪೆಟ್ಟು ಬಂದಾಗ ಮಾತ್ರ ಕೋಲು ಇಳಿಸುತ್ತಿದ್ದ. ಅವನ ಪಾದ ತಾಳ ಹಾಕುತ್ತಲೇ ಇತ್ತು. ಹಾಗೆ ಬಿದ್ದ ಪೆಟ್ಟುಗಳಲ್ಲಿ ಮುಂದಿನ ಪೆಟ್ಟಿನ ಸುಳಿವು ಇರುತ್ತಿತ್ತು. ಅದನ್ನು ವಾಡಿಗೆ ಬಂದು ಕೀ ಮೇಲೆ ಕೂಡಿಸಿ ನುಡಿಸಿದಾಗ ಕಂಡುಕೊಂಡೆ.

ಆ ಯಂತ್ರದಲ್ಲಿ 44.1 ಕಿಲೋಹರ್ಟ್ಸ್‌ನಲ್ಲಿ ಹಿಡಿದರೆ ಒಂದು ಸೆಕೆಂಡಿನ ದನಿಗೆ 88,200 ಬೈಟ್ ಬೇಕು, 1.6 ಎಂಬಿಯ ಫ್ಲಾಪಿಯಲ್ಲಿ ಹದಿನೆಂಟು ಸೆಕೆಂಡು ಮೀರುವುದಿಲ್ಲ. ಅದಕ್ಕೇ ಅದರ ಎರಡನೆಯ ದರ, 29.76 ಕಿಲೋಹರ್ಟ್ಸ್ ಆರಿಸಿಕೊಂಡೆ. ಇಪ್ಪತ್ತೇಳು ಸೆಕೆಂಡು ಸಿಕ್ಕಿತು. ಕಾದ ಹಲಗಿ, ಅರೆ ತಣಿದ ಹಲಗಿ, ಎರಡರ ಪೆಟ್ಟುಗಳೂ ಅದರಲ್ಲಿ ಹಿಡಿದವು. ನೇರ ಯಂತ್ರಕ್ಕೇ ಹಿಡಿದಿದ್ದರಿಂದ ಕ್ಯಾಸೆಟ್ಟಿನಲ್ಲಿ ಇನ್ನೊಂದು ಪ್ರತಿ ಇರಲಿಲ್ಲ. ಇನ್ನೊಂದು ಫ್ಲಾಪಿಗೆ ಇಳಿಸಬೇಕೆಂದು ಅಂದುಕೊಂಡೆ, ಮುಂದಕ್ಕೆ ಹಾಕಿದೆ. ಕಾರ್ಯಕ್ರಮಗಳಲ್ಲಿ ಆ ಡಿಸ್ಕು ಹಾಕಿ ನುಡಿಸಿದಾಗ ಹಿಂದಿನ ಸಾಲಿನ ಹುಡುಗರು ಎದ್ದು ಕುಣಿಯುವುದನ್ನು ನೋಡುತ್ತಿದ್ದೆ.

ಈಗ ಡ್ರೈವಿನ ಕಥೆ. ಸ್ಕಸಿ ಎಂಬುದು ಕಂಪ್ಯೂಟರಿಗೂ ಡ್ರೈವುಗಳಿಗೂ ನಡುವಿನ ಒಂದು ಸಾಲು; 1986ರಲ್ಲಿ ಅಮೆರಿಕದಲ್ಲಿ ಅದಕ್ಕೊಂದು ಮಾನದಂಡ ಬಂತು. ಆ ಕಾಲದ ಸ್ಯಾಂಪ್ಲರುಗಳೆಲ್ಲ ದೊಡ್ಡ ಡ್ರೈವಿಗೆ ಆ ಸಾಲನ್ನೇ ನೆಚ್ಚಿದ್ದವು. ಜಿಪ್ ಡ್ರೈವ್ ಎಂಬುದು ಆಗ ಗುಜರಿಯಲ್ಲೂ ಸಿಗುತ್ತಿತ್ತು. ಒಂದು ಡಿಸ್ಕಿನಲ್ಲಿ 100 ಎಂಬಿ, ಅಂದರೆ ಅರವತ್ತು ಫ್ಲಾಪಿ. ಹೈದರಾಬಾದಿನಿಂದ ಒಂದು ತಂದೆ. ಹಿಂಬದಿಯಲ್ಲಿ 25 ಪಿನ್ನಿನ ಕನೆಕ್ಟರ್, ನನ್ನ ಯಂತ್ರದಲ್ಲೂ 25 ಪಿನ್. ಜೋಡಿಸಿದೆ, ಏನೂ ಆಗಲಿಲ್ಲ. ನಾನು ತಂದದ್ದು ಪ್ರಿಂಟರ್ ಪೋರ್ಟಿನ ಜಿಪ್. ಎರಡಕ್ಕೂ ಕನೆಕ್ಟರ್ ಒಂದೇ ಆಕಾರ, ಒಳಗೆ ಓಡುವ ಸಂಕೇತಗಳು ಬೇರೆ. ಹೀಗೆ ಜೋಡಿಸಿದರೆ ಯಂತ್ರ ಸುಟ್ಟುಹೋಗುವ ಸಾಧ್ಯತೆಯೂ ಇರುತ್ತದೆ. ಹಳೆಯ ಸಾಮಾನು ಕೊಳ್ಳುವವರು ಅಚ್ಚಾದ ಹೆಸರನ್ನೂ ಚಿಹ್ನೆಯನ್ನೂ ಓದಿಯೇ ದುಡ್ಡು ಕೊಡಬೇಕು.

ಸ್ಕಸಿಯ ಜಿಪ್ ಸಿಕ್ಕ ಮೇಲೂ ಅದು ಸುಲಭಕ್ಕೆ ಬಗ್ಗಲಿಲ್ಲ. ಆ ಸಾಲಿನಲ್ಲಿ ಕೂತ ಪ್ರತಿ ಸಾಧನಕ್ಕೂ 0ಯಿಂದ 7ರ ತನಕ ಒಂದು ಸಂಖ್ಯೆ. ಇಬ್ಬರಿಗೆ ಒಂದೇ ಸಂಖ್ಯೆ ಬಂದರೆ ಇಬ್ಬರೂ ಮೂಕ. ಜಿಪ್‌ನಲ್ಲಿ 5 ಅಥವಾ 6 ಮಾತ್ರ ಆರಿಸಬಹುದು. ಸಾಲಿನ ಎರಡೂ ತುದಿಗಳಲ್ಲಿ ಟರ್ಮಿನೇಶನ್ ಇರಬೇಕು, ನಡುವೆ ಇರಬಾರದು. ಇಲ್ಲದಿದ್ದರೆ ತುದಿಗೆ ಹೋದ ಸಂಕೇತ ಹಿಂದಕ್ಕೆ ಪುಟಿದು ಬಂದು ಮುಂದಿನದನ್ನು ಕೆಡಿಸುತ್ತದೆ. ಜಿಪ್‌ನ ಹಿಂಬದಿಯ ಪುಟ್ಟ ಸ್ವಿಚ್ ಅದಕ್ಕೇ ಇರುವುದು ಎಂಬುದು ನನಗೆ ತಿಳಿದಾಗ ಒಂದು ಮಳೆಗಾಲ ಕಳೆದಿತ್ತು. ಹೊರಗಿನ ಡ್ರೈವನ್ನು ಮೊದಲು ಹಚ್ಚಿ, ಅದು ಸುತ್ತಿ ಸಿದ್ಧವಾದ ಮೇಲೆ ಸ್ಯಾಂಪ್ಲರ್ ಹಚ್ಚಬೇಕು. ಜಿಪ್ ಡಿಸ್ಕನ್ನು ಎಎಸ್‌ಆರ್‌ನಲ್ಲೇ, ಅದರದೇ ಪದ್ಧತಿಯಲ್ಲಿ ಫಾರ್ಮ್ಯಾಟ್ ಮಾಡಬೇಕು. ಕಂಪ್ಯೂಟರಿನಲ್ಲಿ ಮಾಡಿದ ಫಾರ್ಮ್ಯಾಟ್ ಅದಕ್ಕೆ ತಿಳಿಯುವುದಿಲ್ಲ. ಇದೊಂದನ್ನು ಕಲಿಯುವ ತನಕ ನಾನು ಆ ಡಿಸ್ಕನ್ನು ಅಲ್ಲಿಯೂ ಇಲ್ಲಿಯೂ ಫಾರ್ಮ್ಯಾಟ್ ಮಾಡುತ್ತಲೇ ಇದ್ದೆ. ಯಂತ್ರ ಡಿಸ್ಕನ್ನು ಗುರುತಿಸದಿದ್ದರೆ ಫಾರ್ಮ್ಯಾಟ್ ಮಾಡು ಎಂಬುದು ಕೈಗೆ ಹತ್ತಿಬಿಟ್ಟಿತು. ಅದನ್ನು ಈಗ ನೆನೆದರೆ ಎಲ್ಲದರ ಬೇರು ಅಲ್ಲೇ ಕಾಣುತ್ತದೆ.

ಕೊನೆಗೊಂದು ರಾತ್ರಿ ಸಿಸ್ಟಮ್ಮನ್ನು ಜಿಪ್‌ಗೆ ಇಳಿಸಿ, ಫ್ಲಾಪಿ ತೆಗೆದಿಟ್ಟು ಸ್ವಿಚ್ ಹಾಕಿದೆ. ಡ್ರೈವಿನ ಹಳದಿ ದೀಪ ಮಿಣುಕಿತು, ಡಿಸ್ಪ್ಲೇ ಮೇಲೆ ಅಕ್ಷರ ಬಂತು, ಯಂತ್ರ ತಾನಾಗಿ ಎದ್ದು ಕೂತಿತು. ಅಮ್ಮನನ್ನು ಎಬ್ಬಿಸಿ ತೋರಿಸಿದೆ. ಚಿತ್ತಾಪುರದ ಒಂದು ಮದುವೆಯಲ್ಲಿ ಕರೆಂಟ್ ಹೋಗಿ ಬಂದಾಗ ಗಾಯಕ ನೀರು ಕುಡಿದು ಲೋಟ ಇಡುವುದರೊಳಗೆ ನಾನು ಸಿದ್ಧನಿದ್ದೆ. ಅವತ್ತಿನ ಹೆಮ್ಮೆ ಸುಳ್ಳಲ್ಲ.

ಉಳಿದದ್ದು ಹಳೆಯ ಫ್ಲಾಪಿಗಳನ್ನು ಒಂದೊಂದಾಗಿ ಜಿಪ್‌ಗೆ ಸೇರಿಸುವ ಕೆಲಸ. ಕೆಲವು ಬಂದವು, ಕೆಲವು ಬರಲಿಲ್ಲ. ಹಲಗಿಯ ಡಿಸ್ಕು ಬರಲಿಲ್ಲ. ಓದಲಾಗದು ಎಂದು ಯಂತ್ರ ಹೇಳಿತು. ಯಂತ್ರದ ಡ್ರೈವಿಗೆ ಆಗದ್ದು ಕಂಪ್ಯೂಟರಿನ ಡ್ರೈವಿಗೆ ಆಗಬಹುದು ಎಂದುಕೊಂಡು ಶಹಾಬಾದದಲ್ಲಿ ಪರಿಚಯದ ಒಂದು ಡಿಟಿಪಿ ಅಂಗಡಿಗೆ ಒಯ್ದೆ. ಅಲ್ಲಿ ಕೂತಿದ್ದ ಹುಡುಗ ಡಿಸ್ಕು ಹಾಕಿದ. ಪರದೆಯ ಮೇಲೆ ಬಂದದ್ದನ್ನು ಓದಿದ. “ಅಣ್ಣಾ, ಇದು ಫಾರ್ಮ್ಯಾಟ್ ಆಗಿಲ್ಲಂತ. ಮಾಡ್ಲ್ಯಾ ಅಂತ ಕೇಳ್ಲಾಕತ್ತದ.”

“ಮಾಡು” ಅಂದೆ.

ಹುಡುಗನದು ಏನೂ ತಪ್ಪಿಲ್ಲ. ಅವನು ಕೇಳಿದ, ನಾನು ಹೇಳಿದೆ. ಎಷ್ಟೋ ವಾರಗಳಿಂದ ಫಾರ್ಮ್ಯಾಟ್ ಎಂದರೆ ಮುಂದಿನ ಬಾಗಿಲು ತೆಗೆಯುವ ಕೈ ನನಗೆ. ಒಳಗೆ ಏನಿದೆ ಎಂಬ ಯೋಚನೆ ಆ ಗಳಿಗೆಯಲ್ಲಿ ಬರಲೇ ಇಲ್ಲ. ಪರದೆಯ ಮೇಲಿನ ನೀಲಿ ಪಟ್ಟಿ ಅರ್ಧ ದಾಟಿದಾಗ ಹೊಳೆಯಿತು. ಡಿಸ್ಕು ಎಳೆದುಕೊಂಡೆ. ಪ್ರಯೋಜನವಿರಲಿಲ್ಲ.

ಏಕೆಂಬುದನ್ನು ಆಮೇಲೆ ಕಲಿತೆ. ಎಎಸ್‌ಆರ್ ಫ್ಲಾಪಿಯ ಒಂದೊಂದು ಟ್ರ್ಯಾಕಿನಲ್ಲಿ ಇಪ್ಪತ್ತು ಸೆಕ್ಟರ್ ಬರೆಯುತ್ತದೆ, ಕಂಪ್ಯೂಟರ್ ಹದಿನೆಂಟು. ಹಾಗಾಗಿಯೇ ಒಂದೇ ಫ್ಲಾಪಿ ಅಲ್ಲಿ 1600 ಕೆಬಿ, ಇಲ್ಲಿ 1440. ಕಂಪ್ಯೂಟರಿಗೆ ಈ ಬರಹ ಅಪರಿಚಿತ; ಅಪರಿಚಿತವಾದದ್ದನ್ನು ಅದು ಖಾಲಿ ಎಂದು ಎಣಿಸುತ್ತದೆ. ತನ್ನದೇ ಡಿಸ್ಕಾಗಿದ್ದರೆ ಅವಸರದ ಫಾರ್ಮ್ಯಾಟಿನಲ್ಲಿ ಪಟ್ಟಿಯನ್ನಷ್ಟೇ ಅಳಿಸುತ್ತಿತ್ತು, ಒಳಗಿನದು ಉಳಿಯುತ್ತಿತ್ತು. ಅಪರಿಚಿತ ಡಿಸ್ಕಿಗೆ ಆ ದಾರಿ ಇಲ್ಲ. ಮೊದಲ ಟ್ರ್ಯಾಕಿನಿಂದ ಹಿಡಿದು ಹೊಸದಾಗಿ ಬರೆದುಕೊಂಡು ಹೋಗುತ್ತದೆ. ಹಲಗಿಯ ದನಿಯ ಮೊದಲ ಅರ್ಧ ಹಾಗೆ ಹೋಯಿತು. ಉಳಿದ ಅರ್ಧದಲ್ಲಿ ಏನು ಎಲ್ಲಿತ್ತು ಎಂದು ಹೇಳುವ ಪಟ್ಟಿಯೂ ಹೋಗಿತ್ತು.

ಇನ್ನೊಂದು ಸಂಗತಿ ಅದಕ್ಕಿಂತ ಹೆಚ್ಚು ಸುಡುತ್ತದೆ. ಅದೇ ಕಂಪ್ಯೂಟರ್, ಅದೇ ಡ್ರೈವ್ ಎನ್ಸೋನಿಕ್ ಡಿಸ್ಕನ್ನು ಓದಬಲ್ಲದಾಗಿತ್ತು. ಡಾಸ್‌ನಲ್ಲಿ ಓಡುವ ಸಣ್ಣ ಪ್ರೋಗ್ರಾಮುಗಳು ಆ ಕೆಲಸಕ್ಕೆಂದೇ ಇದ್ದವು. ಮನೆಗೆ ಬಂದು ಎಎಸ್‌ಆರ್ ಬಿಚ್ಚಿ, ಡ್ರೈವಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸಿದೆ. ಹತ್ತಿ ಬೂದು ಬಣ್ಣಕ್ಕೆ ತಿರುಗಿತು. ಆಮೇಲೆ ಓದಲಾಗದು ಎಂದಿದ್ದ ಡಿಸ್ಕುಗಳೆಲ್ಲ ಓದಿದವು. ಇದು ಗೊತ್ತಾದ ಮೇಲೂ ನಾನು ಧೂಳಿನ ಕಥೆಯನ್ನೇ ಹೇಳಿಕೊಂಡು ತಿರುಗಿದೆ.

ಫ್ಲಾಪಿಯ ಮೂಲೆಯಲ್ಲಿ ಉಗುರಿನಷ್ಟು ಒಂದು ಪ್ಲಾಸ್ಟಿಕ್ ಗುಂಡಿ ಇರುತ್ತದೆ. ಅದನ್ನು ಸರಿಸಿ ಕಿಂಡಿ ತೆರೆದರೆ ಯಾವ ಯಂತ್ರವೂ ಅದರ ಮೇಲೆ ಬರೆಯಲಾರದು. ಚಿಂಚೋಳಿಯಿಂದ ಬಂದ ದಿನವೇ ಅದನ್ನು ಸರಿಸಿದ್ದಿದ್ದರೆ ಶಹಾಬಾದದ ಅಂಗಡಿಯಲ್ಲಿ ನಾನು ಏನು ಹೇಳಿದ್ದರೂ ಫಾರ್ಮ್ಯಾಟ್ ನಡೆಯುತ್ತಿರಲಿಲ್ಲ.

ನನಗೆ ಅರ್ಥವಾಗಲು ಕಾಲ ಹಿಡಿದದ್ದು ಇದು: ನಾನು ಅಷ್ಟು ಕಾಲ ಹೆಣಗಿದ್ದು ಸಿಸ್ಟಮ್ಮಿಗಾಗಿ. ಸಿಸ್ಟಮ್ ಜಗತ್ತಿನ ಎಲ್ಲ ಎಎಸ್‌ಆರ್‌ಗಳಿಗೂ ಒಂದೇ. ಸಾವಿರಾರು ಪ್ರತಿಗಳಿವೆ, ಯಾರನ್ನು ಕೇಳಿದರೂ ಕೊಡುತ್ತಾರೆ. ಹಲಗಿಯ ಪ್ರತಿ ಒಂದೇ. ಯಂತ್ರ ಎದ್ದರೆ ಎಲ್ಲ ಬಂದಂತೆ ಎಂದು ನಂಬಿದ್ದೆ. ಎಲ್ಲೆಡೆ ಸಿಗುವುದನ್ನು ಜೋಪಾನವಾಗಿ ಎರಡು ಡಿಸ್ಕಿನಲ್ಲಿಟ್ಟು, ಎಲ್ಲೂ ಸಿಗದ್ದನ್ನು ಅಂಗಿಯ ಜೇಬಿನಲ್ಲಿ ಹಾಕಿಕೊಂಡು ಬಸ್ ಹತ್ತಿದೆ.

ಮುತ್ಯಾನ ಹತ್ತಿರ ಹೋಗಿ ನಿಜ ಹೇಳಲು ಧೈರ್ಯ ಬಂದಾಗ ಅವನ ಬಲಗೈ ಲಕ್ವಾ ಹೊಡೆದು ಮಲಗಿತ್ತು. ನಾನು ಹೇಳಿದ್ದನ್ನು ಕೇಳಿ ಅವನು ಬೇಸರ ಮಾಡಿಕೊಳ್ಳಲಿಲ್ಲ. “ಬೆಂಕಿ ಮುಂದ ಹಿಡದಾಗೊಮ್ಮಿ ಅದರ ದನಿ ಬ್ಯಾರೆನೇ ಆಗ್ತದ. ಹೋದದ್ದು ಹೋಯ್ತು. ನನ್ನ ಮಗಾ ಹೊಡಿತಾನ, ಹಿಡ್ಕೊಂಡು ಹೋಗು” ಅಂದ. ಮಗನದು ಒಳ್ಳೆಯ ಕೈ. ಅವನ ಹಲಗಿ ಫೈಬರಿನದು, ಬೆಂಕಿ ಬೇಡ, ನಟ್ಟು ತಿರುಗಿಸಿದರೆ ಬಿಗಿಯಾಗುತ್ತದೆ. ಹಿಡಿದುಕೊಂಡೆ, ಈಗ ಅದು ಮೂರು ಕಡೆ ಇದೆ. ಅದು ಮಗನ ಹಲಗಿ. ಅಪ್ಪನದರ ಬದಲಿಗೆ ಬಂದದ್ದು ಎಂದು ನಾನು ಯಾರಿಗೂ ಹೇಳುವುದಿಲ್ಲ. ಮುತ್ಯಾ ಕ್ಷಮಿಸಿದ್ದರಿಂದ ನನ್ನ ಮೇಲಿನ ಭಾರ ಇಳಿಯಲಿಲ್ಲ ಎಂಬುದನ್ನೂ ಹೇಳಬೇಕು. ಕಾಲಲ್ಲಿ ತಾಳ ಹಾಕುತ್ತ, ಮನಸ್ಸಿನೊಳಗೆ ನಡೆದುಕೊಂಡು ಬಂದು ಬಿದ್ದ ಆ ಪೆಟ್ಟುಗಳನ್ನು ಇನ್ನು ಯಾರೂ ಕೇಳುವಂತಿಲ್ಲ.

ಈಗ ಈ ಕೆಲಸಕ್ಕೆ ಒಳ್ಳೆಯ ಸಾಧನಗಳಿವೆ. ಕೀರ್ ಫ್ರೇಸರ್ ಎಂಬವರು ರೂಪಿಸಿದ ಗ್ರೀಸ್‌ವೀಸಲ್ ಎಂಬ ಸಣ್ಣ ಬೋರ್ಡನ್ನು ಹಳೆಯ ಫ್ಲಾಪಿ ಡ್ರೈವಿಗೆ ಜೋಡಿಸಿದರೆ, ಅದು ಡಿಸ್ಕು ಯಾವ ಯಂತ್ರದ್ದೆಂದು ಯೋಚಿಸದೆ ಮೇಲ್ಮೈಯ ಕಾಂತೀಯ ಏರಿಳಿತವನ್ನೇ ಇದ್ದ ಹಾಗೆ ನಕಲು ಮಾಡುತ್ತದೆ. ಯುಎಸ್‌ಬಿ ಫ್ಲಾಪಿ ಡ್ರೈವ್ ಈ ಕೆಲಸಕ್ಕೆ ಬರುವುದಿಲ್ಲ. ಅದಕ್ಕೆ ಕಂಪ್ಯೂಟರಿನ ಬರಹ ಮಾತ್ರ ತಿಳಿಯುತ್ತದೆ. ಬೂಟ್ ಮಾಡಿಸಲು ಅದೇ ಫ್ರೇಸರ್ ಅವರ ಫ್ಲ್ಯಾಶ್‌ಫ್ಲಾಪಿ ತುಂಬಿದ ಗೋಟೆಕ್ ಸಾಕು. ಹಳೆಯ ಡ್ರೈವಿನ ಜಾಗದಲ್ಲಿ ಅದು ಕೂರುತ್ತದೆ, ಪೆನ್ ಡ್ರೈವಿನಲ್ಲಿರುವ ಫೈಲನ್ನು ಯಂತ್ರಕ್ಕೆ ಫ್ಲಾಪಿ ಎಂದು ತೋರಿಸುತ್ತದೆ. ಅದರ ಸೆಟ್ಟಿಂಗ್ ಫೈಲಿನಲ್ಲಿ ಹೋಸ್ಟ್ ಎಂಬ ಸಾಲಿಗೆ ಎನ್ಸೋನಿಕ್ ಎಂದು ಬರೆಯಬೇಕು. ಡ್ರೈವ್ ಸಂಖ್ಯೆಯ ಜಂಪರ್ ಕಂಪ್ಯೂಟರಿಗೊಂದು, ಸ್ಯಾಂಪ್ಲರಿಗೊಂದು ರೀತಿ ಇರಬಹುದು, ತಾಳೆ ನೋಡಬೇಕು. ದೀಪ ಆರದೆ ಉರಿಯುತ್ತಲೇ ಇದ್ದರೆ ಪಟ್ಟಿ ಕೇಬಲ್ ತಿರುವುಮುರುವಾಗಿದೆ. ಸ್ಕಸಿಗೆ ಜಿಪ್ ಬದಲು ಎಸ್‌ಡಿ ಕಾರ್ಡ್ ಹಾಕುವ ಜುಲುಸ್ಕಸಿ, ಬ್ಲೂಸ್ಕಸಿ ಎಂಬ ಬೋರ್ಡುಗಳಿವೆ; ಸಂಖ್ಯೆ, ಟರ್ಮಿನೇಶನ್‌ಗಳ ನಿಯಮ ಅವಕ್ಕೂ ಅದೇ. ನಾನು ಒಂದು ಮಳೆಗಾಲ ಕಳೆದದ್ದನ್ನು ಇವತ್ತು ಒಂದು ಮಧ್ಯಾಹ್ನದಲ್ಲಿ ಮುಗಿಸಬಹುದು.

ಸೇಡಂ ಕಡೆಯಿಂದ ಆಗಾಗ ಯಾರಾದರೂ ಮೂಲೆಗೆ ಬಿದ್ದ ಕೀಬೋರ್ಡ್ ಹೊತ್ತು ತರುತ್ತಾರೆ. ಭಜನಾ ಮಂಡಳಿಯವರು, ಹಲಕಟ್ಟಾ ಉರುಸಿನಲ್ಲಿ ಖವ್ವಾಲಿಗೆ ನುಡಿಸುತ್ತಿದ್ದವರ ಮಕ್ಕಳು. ಬಂದ ಕೂಡಲೇ ಎಲ್ಲರದೂ ಒಂದೇ ಮಾತು: “ಮೊದಲ ಚಾಲೂ ಮಾಡ್ರಿ, ಆಮ್ಯಾಗ ಉಳದದ್ದು ನೋಡಮು.” ನಾನು ಯಂತ್ರವನ್ನು ಗೋಡೆಗೆ ಒರಗಿಸಿ ಡಿಸ್ಕಿನ ಡಬ್ಬಿ ಕೇಳುತ್ತೇನೆ. ತಂದಿರದಿದ್ದರೆ ತರಲು ವಾಪಸ್ ಕಳಿಸುತ್ತೇನೆ. ಎಲ್ಲ ಗುಂಡಿಗಳನ್ನು ಸರಿಸಿ, ಮೇಲೆ ಬೂಷ್ಟು ಹಿಡಿದದ್ದನ್ನು ಬೇರೆ ಇಟ್ಟು, ಪ್ರತಿ ಡಿಸ್ಕಿಗೂ ಒಂದು ಹೊಸ ನಕಲು ಮಾಡಿ, ಆ ನಕಲಿನಿಂದ ದನಿ ಬರುತ್ತದೆಯೇ ಎಂದು ನನ್ನ ಎಎಸ್‌ಆರ್‌ನಲ್ಲೋ ಕಂಪ್ಯೂಟರಿನಲ್ಲೋ ಅವರೆದುರೇ ಕೇಳಿಸಿ, ಪೆನ್ ಡ್ರೈವಿನಲ್ಲಿ ಹಾಕಿ ಅವರ ಕೈಗೆ ಕೊಡುತ್ತೇನೆ. ಸ್ಕ್ರೂ ಬಿಚ್ಚುವುದು ಅದಾದ ಮೇಲೆ.